ವಿಯೆಂಟಿಯಾನ್: ಸಿಸಾಕೆಟ್‌ನಿಂದ ಶುರು ಮಾಡಿ

ಲಾವೋಸ್‌ಗೆ ಬರುವವರಲ್ಲಿ ಬಹಳ ಜನ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಒಂದು ರಾತ್ರಿ ಮಲಗಿ, ಬೆಳಗಾಗುತ್ತಿದ್ದಂತೆ ಉತ್ತರದ ಲುವಾಂಗ್ ಪ್ರಬಾಂಗ್ ಊರಿನ ಕಡೆ ಹೊರಟುಬಿಡುತ್ತಾರೆ. 2021ರಲ್ಲಿ ರೈಲು ಶುರುವಾದ ಮೇಲಂತೂ ಇದು ಇನ್ನೂ ಜಾಸ್ತಿಯಾಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ಎರಡು ದಿನ ಇದ್ದೆ, ಇನ್ನೊಂದು ದಿನ ಇರಬೇಕಿತ್ತು ಅನ್ನಿಸಿತು. ಆದರೆ ಏನನ್ನು ಮೊದಲು ನೋಡುತ್ತೀರಿ ಅನ್ನೋದು ಇಲ್ಲಿ ಮುಖ್ಯ.

ಎಲ್ಲರೂ ಮೊದಲು ಹೋಗುವುದು ಚಿನ್ನದ ಬಣ್ಣದ ಸ್ತೂಪ ಫಾ ಥಾಟ್ ಲುವಾಂಗ್‌ಗೆ. ನಾನೂ ಹಾಗೇ ಹೋದೆ. ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಹೊಳೆಯುತ್ತಿತ್ತು, ಫೋಟೋ ತೆಗೆದೆ, ಅರ್ಧ ಗಂಟೆಯಲ್ಲಿ ಮುಗಿಯಿತು. ಮರುದಿನ ವಾಟ್ ಸಿಸಾಕೆಟ್ ದೇವಾಲಯ ನೋಡಿದ ಮೇಲೆ ಮತ್ತೆ ಅಲ್ಲಿಗೇ ಹೋದೆ. ಆಗ ಅದೇ ಸ್ತೂಪದ ಮುಂದೆ ಸುಮ್ನೆ ಎಷ್ಟೋ ಹೊತ್ತು ಕೂತಿದ್ದೆ.

ಯಾಕೆ ಅಂದರೆ, ಸಿಸಾಕೆಟ್ ಈ ಊರಿನ ಕಥೆ ಹೇಳುತ್ತದೆ. ಅದನ್ನು ಕಟ್ಟಿಸಿದ್ದು ರಾಜ ಅನುವಾಂಗ್, 1818ರಿಂದ 1824ರ ನಡುವೆ. ಆಮೇಲೆ ಅವನು ಸಯಾಮ್ ವಿರುದ್ಧ, ಅಂದರೆ ಈಗಿನ ಥಾಯ್ಲೆಂಡ್ ವಿರುದ್ಧ ತಿರುಗಿಬಿದ್ದ, ಸೋತ. 1828ರ ಹೊತ್ತಿಗೆ ಸಯಾಮಿನ ಸೈನ್ಯ ಊರನ್ನೇ ಹಾಳುಮಾಡಿತು. ಉಳಿದುಕೊಂಡ ದೇವಾಲಯ ಇದು. ಸಯಾಮಿನ ಶೈಲಿಯಲ್ಲೇ ಕಟ್ಟಿದ್ದರಿಂದ ಬಿಟ್ಟರು ಅಂತ ಹೇಳುತ್ತಾರೆ.

ಒಳಗೆ ಹೋದರೆ ಸುತ್ತಲೂ ಕೈಸಾಲೆ. ಗೋಡೆ ತುಂಬ ದೀಪದ ಗೂಡಿನಂಥ ಚಿಕ್ಕ ಚಿಕ್ಕ ಗೂಡುಗಳು, ಒಂದೊಂದರಲ್ಲೂ ಎರಡೆರಡು ಪುಟ್ಟ ಬುದ್ಧರು. ಗೂಡುಗಳ ಕೆಳಗೆ ಸಾಲಾಗಿ ಕೂತ ದೊಡ್ಡ ಮೂರ್ತಿಗಳು. ಒಟ್ಟು 6,800ಕ್ಕೂ ಹೆಚ್ಚು ಮೂರ್ತಿಗಳಿವೆಯಂತೆ. ಹತ್ತಿರ ನಿಂತು ನೋಡಿ, ಒಂದರ ಮುಖದಂತೆ ಇನ್ನೊಂದಿಲ್ಲ. ಒಂದು ಕಡೆ ಕಂಬಿ ಹಾಕಿದ ಜಾಗದಲ್ಲಿ ಯುದ್ಧದಲ್ಲಿ ಒಡೆದುಹೋದ ಬುದ್ಧರನ್ನು ಹಾಗೇ ರಾಶಿ ಹಾಕಿಟ್ಟಿದ್ದಾರೆ. ರುಂಡ ಬೇರೆ, ಮುಂಡ ಬೇರೆ, ತೋಳು ಬೇರೆ. ನನಗೆ ಅಲ್ಲಿಂದ ಕಾಲು ಕೀಳೋಕೆ ಆಗಲಿಲ್ಲ. ಹಿಂದುಗಡೆ ನಾಗನ ಆಕಾರದ ಉದ್ದನೆಯ, ನೀರು ಹರಿಸುವ ಮರದ ದೋಣಿ ಇದೆ, ತಪ್ಪಿಸಬೇಡಿ. ಏಪ್ರಿಲ್‌ನಲ್ಲಿ ಬರುವ ಲಾವೋ ಹೊಸ ವರ್ಷಕ್ಕೆ ಅದರಲ್ಲಿ ನೀರು ಹೊಯ್ಯುತ್ತಾರೆ, ಅದು ಹರಿದು ಬುದ್ಧನ ಮೂರ್ತಿಗಳ ಮೇಲೆ ಬೀಳುತ್ತದೆ. ಅಭಿಷೇಕವೇ ಅಲ್ವಾ!

ರಸ್ತೆ ದಾಟಿದರೆ ಹಿಂದೆ ದೇವಾಲಯವಾಗಿದ್ದ ಹೋ ಫ್ರ ಕೆಯೊ. ಈಗ ಬ್ಯಾಂಕಾಕ್‌ನಲ್ಲಿರುವ ಪಚ್ಚೆ ಬುದ್ಧ 1779ರವರೆಗೆ ಇದ್ದದ್ದು ಇಲ್ಲೇ, ಸಯಾಮಿನವರು ಹೊತ್ತುಕೊಂಡು ಹೋದರು. ಈಗಿನ ಕಟ್ಟಡ ಫ್ರೆಂಚರ ಕಾಲದಲ್ಲಿ ಮತ್ತೆ ಕಟ್ಟಿದ್ದು. ಥಾಟ್ ಲುವಾಂಗ್ ಕೂಡ ಹಾಗೇ. 1566ರಲ್ಲಿ ರಾಜ ಸೆತ್ತಾತಿರಾಟ್ ಕಟ್ಟಿಸಿದ, ಹಾಳಾಯಿತು, 1930ರ ದಶಕದಲ್ಲಿ ಮತ್ತೆ ಎದ್ದಿತು. ಇದೆಲ್ಲ ಗೊತ್ತಾದ ಮೇಲೆ ನೋಡಿದರೆ ಆ ಚಿನ್ನದ ಬಣ್ಣ ಬರೀ ಹೊಳಪಾಗಿ ಕಾಣಲ್ಲ. ಅಂದ ಹಾಗೆ, ಎಲ್ಲ ಕಡೆ ಮೊಣಕಾಲು ಮುಚ್ಚುವ ಬಟ್ಟೆ ಬೇಕು.

ಪಟುಸಾಯ್, ಅಂದರೆ ವಿಜಯ ದ್ವಾರ, ಸಂಜೆ ತಂಪಿಗೆ ಹತ್ತಿದರೆ ಸಾಕು. ವಿಮಾನ ನಿಲ್ದಾಣಕ್ಕೆಂದು ಅಮೆರಿಕ ಕೊಟ್ಟ ಸಿಮೆಂಟಿನಲ್ಲಿ ಕಟ್ಟಿದ್ದು ಅನ್ನುತ್ತಾರೆ. ಮೇಲಿನಿಂದ ಊರು ಚೆನ್ನಾಗಿ ಕಾಣುತ್ತದೆ, ಅಷ್ಟೇ.

ಬಾಂಬಿನಿಂದ ಕೈಕಾಲು ಕಳೆದುಕೊಂಡವರಿಗೆ ನೆರವಾಗುವ ಕೋಪ್ ಕೇಂದ್ರಕ್ಕೆ ಮಾತ್ರ ಖಂಡಿತ ಹೋಗಿ. ಟಿಕೆಟ್ ಇಲ್ಲ, ಕೈಲಾದಷ್ಟು ದಾನ ಕೊಡಿ. 1964ರಿಂದ 1973ರವರೆಗೆ ಅಮೆರಿಕ ಈ ಪುಟ್ಟ ದೇಶದ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್ ಸುರಿಯಿತು. ಅದರಲ್ಲಿ ಸುಮಾರು 27 ಕೋಟಿ ಪುಟ್ಟ ಬಾಂಬ್‌ಗಳಿದ್ದವು, ಅವುಗಳಲ್ಲಿ ಶೇ 30ರಷ್ಟು ಸಿಡಿಯದೆ ಮಣ್ಣಲ್ಲೇ ಉಳಿದವು. ನೋಡಲು ಚೆಂಡಿನ ಹಾಗೆ, ಮಕ್ಕಳು ಎತ್ತಿಕೊಳ್ಳುತ್ತಾರೆ. ಕಾಲು ಕಳೆದುಕೊಂಡವರು ಮರದಲ್ಲಿ, ಲೋಹದ ತುಂಡಿನಲ್ಲಿ ತಾವೇ ಮಾಡಿಕೊಂಡಿದ್ದ ಹಳೆಯ ಕಾಲುಗಳನ್ನು ಅಲ್ಲಿ ಇಟ್ಟಿದ್ದಾರೆ. ಈಗ ಇಂಥವರಿಗೆ ಒಳ್ಳೆಯ ಕೃತಕ ಕಾಲು ಸಿಗುವಂತೆ ಮಾಡುವುದು ಈ ಸಂಸ್ಥೆಯ ಕೆಲಸ.

ಬುದ್ಧ ಪಾರ್ಕ್ ಊರಿನಿಂದ ಸುಮಾರು 25 ಕಿಲೋಮೀಟರ್. ಬೆಳಗಿನ ಮಾರುಕಟ್ಟೆ ತಲಾತ್ ಸಾವೋ ಪಕ್ಕದ ನಿಲ್ದಾಣದಿಂದ 14ನೇ ನಂಬರ್ ಬಸ್ ಹೋಗುತ್ತದೆ. ಒಬ್ಬ ಟುಕ್‌ಟುಕ್ ಚಾಲಕ ನನಗೆ ಇವತ್ತು ಬಸ್ ಇಲ್ಲ ಅಂದ, ಬಾಯಿಗೆ ಬಂದಷ್ಟು ಕಿಪ್ (ಇಲ್ಲಿನ ದುಡ್ಡು) ಕೇಳಿದ. ಅವನ ಮಾತು ಮುಗಿಯುವ ಮೊದಲೇ ಬಸ್ ಬಂತು. ಯಾರು ಏನೇ ಹೇಳಲಿ, ನಿಲ್ದಾಣದ ಒಳಗೆ ಹೋಗಿ ಕೇಳಿ. ಪಾರ್ಕ್‌ನ ಮೂರ್ತಿಗಳು ಬಹಳ ಹಳೆಯವು ಅನ್ನಿಸುತ್ತವೆ, ಆದರೆ ಕೆಲಸ ಶುರುವಾಗಿದ್ದು 1958ರಲ್ಲಿ, ಎಲ್ಲ ಸಿಮೆಂಟು. ಬುದ್ಧನ ಜೊತೆ ಶಿವ, ವಿಷ್ಣು, ಮೂರು ತಲೆಯ ಐರಾವತದ ಮೇಲೆ ಇಂದ್ರ. ನಮ್ಮವರಿಗೆ ಯಾರು ಯಾರು ಅಂತ ಗುರುತು ಹಿಡಿಯುವುದೇ ಖುಷಿ. ಸಮಯ ಕಡಿಮೆ ಇದ್ದರೆ ಇದನ್ನು ಬಿಡಬಹುದು.

ಸಸ್ಯಾಹಾರಿಗಳು ಪಪ್ಪಾಯ ಸಲಾಡ್ ತರಿಸುವ ಮುಂಚೆ ಮೀನಿನ ಸಾಸ್ ಬೇಡ ಅಂತ ಹೇಳಿ. ಅಂಟಕ್ಕಿ ಅನ್ನ ಎಲ್ಲ ಕಡೆ ಸಿಗುತ್ತದೆ, ಅದು ಸೊಗಸು.

ಸಂಜೆ ಮೆಕಾಂಗ್ ದಂಡೆಗೆ ಬನ್ನಿ. ರಾತ್ರಿ ಸಂತೆಯಲ್ಲಿ ಬಟ್ಟೆ, ಫೋನ್ ಕವರ್ ಬಿಟ್ಟರೆ ನನಗೆ ವಿಶೇಷ ಏನೂ ಸಿಗಲಿಲ್ಲ. ಅಲ್ಲೇ ಉದ್ಯಾನದಲ್ಲಿ ಅನುವಾಂಗ್‌ನ ದೊಡ್ಡ ಪ್ರತಿಮೆ ಇದೆ, ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈ ನದಿಯ ಕಡೆ ಚಾಚಿದೆ. ಆಚೆ ದಡವೇ ಥಾಯ್ಲೆಂಡ್. ನಾನು ಹೋದದ್ದು ಬೇಸಿಗೆಯಲ್ಲಿ, ನೀರು ಅಷ್ಟು ದೂರ ಸರಿದು ಮರಳೇ ಮರಳು. ಕತ್ತಲಾಗುತ್ತಿದ್ದಂತೆ ಆ ದಡದಲ್ಲಿ ಒಂದೊಂದೇ ದೀಪ ಹತ್ತಿದವು, ಈ ದಡದಲ್ಲಿ ಹೆಂಗಸರು ಗಂಡಸರು ಹಾಡು ಹಾಕಿಕೊಂಡು ವ್ಯಾಯಾಮ ಮಾಡುತ್ತಿದ್ದರು.