ಹಳೆ ಸ್ಯಾನ್ ಸ್ಟಾರ್ಮ್ ಜಾಗಕ್ಕೆ ಪೋಲೋನಾ, ಅಬಾರ್ತ್ ಪುಂಟೋನಾ?

ಗೋವಾದಲ್ಲಿ ತಯಾರಾದ, ಟಾಪ್ ತೆಗೆಯಬಹುದಾದ ಎರಡು ಸೀಟಿನ ಕಾರು ಸ್ಯಾನ್ ಸ್ಟಾರ್ಮ್‌ಗೆ ಈಗ ಪಾರ್ಟ್ಸ್ ಹುಡುಕುವುದೇ ದೊಡ್ಡ ಕೆಲಸ. ಸೆಕೆಂಡ್ ಹ್ಯಾಂಡ್‌ನಲ್ಲಿ ಮಜಾ ಕೊಡುವ ಚಿಕ್ಕ ಕಾರು ಬೇಕಂದ್ರೆ ನಾನು ಹೇಳುವುದು ಎರಡೇ: ಫೋಕ್ಸ್‌ವ್ಯಾಗನ್ ಪೋಲೋ, ಫಿಯೆಟ್‌ನ ಅಬಾರ್ತ್ ಪುಂಟೋ. ಟಾಪ್ ತೆಗೆಯುವ ಸುಖ ಮಾತ್ರ ಎರಡರಲ್ಲೂ ಇಲ್ಲ.

ಅಬಾರ್ತ್‌ನಲ್ಲಿ 1.4 ಲೀಟರ್ ಟರ್ಬೊ, 145 ಬಿಎಚ್‌ಪಿ. ಎಣ್ಣೆಯ ಒತ್ತಡದ ನೆರವಿನ ಹೈಡ್ರಾಲಿಕ್ ಸ್ಟೀರಿಂಗ್, ರಸ್ತೆಯ ಉಬ್ಬುತಗ್ಗು ಕೈಗೇ ಗೊತ್ತಾಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಎರಡನೇ ಗೇರ್‌ನಲ್ಲಿ ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದರೆ, ಒಂದು ಕ್ಷಣ ತಡೆದು ಆಮೇಲೆ ಎಳೆಯುವ ರಭಸ ಇದೆಯಲ್ಲ, ಅದು ಪೋಲೋದಲ್ಲಿ ಸಿಗಲ್ಲ. ಆದರೆ ಫಿಯೆಟ್ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ, ಪಾರ್ಟ್ಸ್ ತಲೆನೋವು ತಪ್ಪಲ್ಲ.

ಪೋಲೋ 1.0 ಟಿಎಸ್‌ಐ (1 ಲೀಟರ್ ಟರ್ಬೊ ಪೆಟ್ರೋಲ್) 110 ಪಿಎಸ್, ಅಂದ್ರೆ ಸುಮಾರು 108 ಬಿಎಚ್‌ಪಿ, 6 ಗೇರ್ ಮ್ಯಾನುಯಲ್. 2022ರಲ್ಲಿ ಇಲ್ಲಿ ತಯಾರಿಕೆ ನಿಂತರೂ ಸರ್ವಿಸ್ ಸುಲಭ.

ದಿನಾ ಆಫೀಸಿಗೂ ಇದೇ ಕಾರಾದರೆ ಪೋಲೋ ತಗೊಳ್ಳಿ. ಮನೆಯಲ್ಲಿ ಇನ್ನೊಂದು ಕಾರಿದ್ದು, ಫಿಯೆಟ್ ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ ಅಬಾರ್ತ್‌ನೇ ತಗೊಳ್ಳಿ.