ಲಕ್ಕುಂಡಿಗೆ ಅರ್ಧ ಗಂಟೆ ಸಾಲದು, ಒಂದಿಡೀ ದಿನ ಇಡಿ

ಹುಬ್ಬಳ್ಳಿ ಕಡೆಯಿಂದ ಹಂಪಿಗೆ ಹೋಗುವವರು ಗದಗ ದಾಟಿದ ಮೇಲೆ ಲಕ್ಕುಂಡಿಯಲ್ಲಿ ಗಾಡಿ ನಿಲ್ಲಿಸಿ, ಒಂದು ಗುಡಿ ನೋಡಿ, ನಾಲ್ಕು ಫೋಟೊ ತೆಗೆದು ಹೊರಡುತ್ತಾರೆ. ನಾನೂ ಎರಡು ಸಲ ಹಾಗೇ ಮಾಡಿದ್ದೆ. ಈ ಸಲ ಶನಿವಾರ ರಾತ್ರಿ ಗದಗದಲ್ಲಿ ಉಳಿದು, ಭಾನುವಾರ ಬೆಳಗ್ಗೆಯೇ ಬಸ್ ಹಿಡಿದೆ. ಸುಮಾರು 12 ಕಿ.ಮೀ. ಅಷ್ಟೇ.

ಮೊದಲು ಕಾಶಿ ವಿಶ್ವೇಶ್ವರ ಗುಡಿ ನೋಡಿ, ಅದೂ ಎಳೆ ಬಿಸಿಲಲ್ಲಿ. ಶಿವನ ಗುಡಿ, ಅದಕ್ಕೆ ಎದುರುಬದುರಾಗಿ ಸೂರ್ಯನ ಪುಟ್ಟ ಗುಡಿ. ದೂರದಿಂದ ನೋಡಿ ಮುಂದೆ ಹೋಗಬೇಡಿ, ಬಾಗಿಲುವಾಡದ ಪಕ್ಕ ಹೋಗಿ ನಿಲ್ಲಿ. ಒಂದು ಪಟ್ಟಿಯ ಪಕ್ಕ ಇನ್ನೊಂದು ಪಟ್ಟಿ, ಎಲ್ಲದರಲ್ಲೂ ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಬೆರಳುದ್ದದ ಬೊಂಬೆಗಳು, ಕೆತ್ತನೆ ಎಷ್ಟು ಆಳ ಅಂದರೆ ಬಳ್ಳಿಯ ನೆರಳು ಹಿಂದಿನ ಕಲ್ಲಿನ ಮೇಲೆ ಬೇರೆಯಾಗಿ ಬಿದ್ದಿರುತ್ತದೆ. ಬಳಪದ ಕಲ್ಲಾದ್ದರಿಂದ ಇದೆಲ್ಲ ಆಯಿತು. ಒಳಗಿನ ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆ, ಬಳೆ ಜೋಡಿಸಿಟ್ಟ ಹಾಗೆ ಕಾಣುತ್ತವೆ. ನಾನು ಆ ಬಾಗಿಲ ಹತ್ತಿರವೇ ಒಂದು ಗಂಟೆ ಇದ್ದೆ.

ಬ್ರಹ್ಮ ಜಿನಾಲಯವನ್ನು 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ಪೊನ್ನನ ಶಾಂತಿಪುರಾಣವನ್ನು ಓಲೆಗರಿಯಲ್ಲಿ 1000 ಪ್ರತಿ ಬರೆಸಿ ಹಂಚಿದ್ದು ಇದೇ ಅತ್ತಿಮಬ್ಬೆ. ಶಾಲೆಯಲ್ಲಿ ಓದಿದ ಹೆಸರು, ಅವರು ಕಟ್ಟಿಸಿದ ಗುಡಿಯೊಳಗೆ ನಿಂತಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ, ತಪ್ಪಿಸಬೇಡಿ.

ನೂರೊಂದು ಗುಡಿ, ನೂರೊಂದು ಬಾವಿ ಅನ್ನೋದು ಇಲ್ಲಿನ ಮಾತು. ಚಾಲುಕ್ಯರ ಕಾಲಕ್ಕೆ ಇಲ್ಲಿ ಟಂಕಸಾಲೆಯೂ ಇತ್ತು, ಲೊಕ್ಕಿ ಗದ್ಯಾಣ ಅನ್ನೋ ಚಿನ್ನದ ನಾಣ್ಯ ಈ ಊರಿನದೇ. ಈಗ ಓಣಿಗಳಲ್ಲಿ ಸುಮ್ನೆ ಅಡ್ಡಾಡಿದರೆ ಮನೆಗಳ ನಡುವೆಯೇ ಗುಡಿ ಸಿಗುತ್ತದೆ. ನನಗೆ ಊರು ಹಿಡಿಸಿದ್ದು ಇದಕ್ಕೇ. ಇಲ್ಲಿ ಹಳೇ ಕಾಲಕ್ಕೆ ಬೇಲಿ ಹಾಕಿ ಬೇರೆ ಇಟ್ಟಿಲ್ಲ, ಜನ ಅದರ ಪಕ್ಕದಲ್ಲೇ ಬಾಳುತ್ತಿದ್ದಾರೆ.

ಕೊರತೆಯೂ ಇದೆ. ಊರೊಳಗಿನ ಸಣ್ಣ ಗುಡಿಗಳಿಗೆ ದಾರಿ ತೋರಿಸುವ ಬೋರ್ಡು ಕಡಿಮೆ, ಕೇಳಿಕೊಂಡೇ ಹೋಗಬೇಕು. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯಲ್ಲಿ, ಅಷ್ಟು ಚೆಂದದ ಮೆಟ್ಟಿಲು, ಮೆಟ್ಟಿಲ ನಡುವೆ ಪುಟ್ಟಪುಟ್ಟ ಗೂಡು, ಅದರ ಕೆಳಗೆ ನೀರಲ್ಲಿ ಯಾರೋ ಎಸೆದ ಪ್ಲಾಸ್ಟಿಕ್ ಬಾಟಲಿ ತೇಲುತ್ತಿತ್ತು. ತುಂಬಾ ಬೇಜಾರಾಯಿತು. ದಯವಿಟ್ಟು ನಿಮ್ಮ ಬಾಟಲಿ ನೀವೇ ವಾಪಸ್ ತನ್ನಿ.

ಬೇಸಿಗೆ ಬೇಡ, ಬಿಸಿಲು ಜಾಸ್ತಿ, ಕಲ್ಲು ಕಾಲು ಸುಡುತ್ತದೆ. ಮಕ್ಕಳಿದ್ದರೆ ಬಾವಿ ಹತ್ತಿರ ಕೈ ಬಿಡಬೇಡಿ, ಮೆಟ್ಟಿಲು ಕಡಿದಾಗಿವೆ.