ಈಮ್ಯಾಕ್ಸ್‌ನಲ್ಲಿ ಎಸ್‌ಕ್ಯೂಎಲ್: ಮೂರು ದಾರಿ ಬಳಸಿ ನೋಡಿದ್ಮೇಲೆ

ಡೇಟಾಬೇಸ್ ಕೆಲಸಕ್ಕೆ, ಅಂದ್ರೆ ಎಸ್‌ಕ್ಯೂಎಲ್ ಭಾಷೇಲಿ ಕ್ವೆರಿ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆ) ಬರೆದು ಓಡಿಸೋಕೆ, ಬೇರೆ ಟೂಲ್ ತೆಗೀದೆ ಎಲ್ಲಾನೂ ಈಮ್ಯಾಕ್ಸ್ ಅನ್ನೋ ಟೆಕ್ಸ್ಟ್ ಎಡಿಟರ್ ಒಳಗೇ ಮಾಡ್ಬೇಕು ಅನ್ನೋರಿಗೆ ಮುಖ್ಯವಾಗಿ ಮೂರು ದಾರಿ ಇವೆ: ಈಮ್ಯಾಕ್ಸ್ ಜೊತೆಗೇ ಬರೋ ಎಸ್‌ಕ್ಯೂಎಲ್-ಮೋಡ್, ಆರ್ಗ್ ಫೈಲ್ (ಈಮ್ಯಾಕ್ಸ್‌ನ ನೋಟ್ಸ್ ಫೈಲ್) ಒಳಗೇ ಕ್ವೆರಿ ಓಡಿಸೋ ಆರ್ಗ್-ಬೇಬಲ್, ಆಮೇಲೆ ಇಜೆಸಿ-ಎಸ್‌ಕ್ಯೂಎಲ್ ಅನ್ನೋ ಪ್ಯಾಕೇಜು. ಮೂರನ್ನೂ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಆಫೀಸಿನ ದಿನದ ಕೆಲಸದಲ್ಲೇ ಬಳಸಿದೀನಿ.

ಇಜೆಸಿ ವಿಷ್ಯ ಮೊದ್ಲು ಮುಗಿಸ್ಬಿಡ್ತೀನಿ. ಅದು ಕ್ಲೋಜರ್ ಭಾಷೆ ಮೂಲಕ ಜೆಡಿಬಿಸಿ (ಜಾವಾದಿಂದ ಡೇಟಾಬೇಸ್‌ಗೆ ಕನೆಕ್ಟ್ ಆಗೋ ದಾರಿ) ಬಳಸತ್ತೆ, ಅಂದ್ರೆ ಜಾವಾ ಬೇಕು, ಕ್ಲೋಜರ್‌ನ ಬಿಲ್ಡ್ ಟೂಲ್ ಲೈನಿಂಗನ್ ಬೇಕು, ಮೊದಲ್ನೇ ಸಲ ಕನೆಕ್ಟ್ ಆಗೋಕೆ ಸ್ವಲ್ಪ ಕಾಯ್ಬೇಕು. ಅಷ್ಟು ಸೆಟಪ್ ಆದ್ಮೇಲೆ ಟೇಬಲ್ ಹೆಸರು, ಕಾಲಂ ಹೆಸರು ತಾನಾಗೇ ಕಂಪ್ಲೀಟ್ ಆಗ್ತಾ ಬರತ್ತೆ. ಇದ್ರಲ್ಲಿ ಉಳಿದೆರಡೂ ಅದ್ರ ಹತ್ರಕ್ಕೂ ಬರಲ್ಲ. ನೂರಾರು ಟೇಬಲ್ ಇರೋ ಹಳೇ ಒರಾಕಲ್ ಡೇಟಾಬೇಸ್ ತಲೆಗೆ ಕಟ್ಟಿದ್ರೆ ಇದನ್ನೇ ಹಾಕ್ಕೊಳ್ಳಿ ಅಂತೀನಿ. ನನ್ನ ಸ್ಕೀಮಾ (ಟೇಬಲ್, ಕಾಲಂಗಳ ರಚನೆ) ನನಗೆ ಬಾಯಿಪಾಠ, ಹಾಗಾಗಿ ಅಷ್ಟು ಭಾರ ಹೊರೋ ಅಗತ್ಯ ಬೀಳ್ಲಿಲ್ಲ.

ನಿಜವಾದ ಪೈಪೋಟಿ ಇರೋದು ಉಳಿದೆರಡರ ನಡುವೆ.

ಎಸ್‌ಕ್ಯೂಎಲ್-ಮೋಡ್‌ನಲ್ಲಿ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ನ ಕಮಾಂಡ್ ಲೈನ್ ಟೂಲ್) ಒಂದು ಬಫರ್‌ನಲ್ಲಿ, ಅಂದ್ರೆ ಈಮ್ಯಾಕ್ಸ್‌ನ ಒಂದು ಪುಟದಲ್ಲಿ, ಓಡ್ತಾನೇ ಇರತ್ತೆ, ನಾವು ಇನ್ನೊಂದು ಬಫರ್‌ನಲ್ಲಿ ಬರೆದು ಕಂಟ್ರೋಲ್-ಸಿ ಕಂಟ್ರೋಲ್-ಸಿ ಒತ್ತಿದ್ರೆ ಕ್ವೆರಿ ಅಲ್ಲಿಗೆ ಹೋಗತ್ತೆ. ಸೆಷನ್ ಜೀವಂತ ಇರೋದ್ರಿಂದ ಬಿಗಿನ್ ಹಾಕಿ ಟ್ರಾನ್ಸಾಕ್ಷನ್ ಶುರು ಮಾಡಿ, ಅಪ್‌ಡೇಟ್ ಮಾಡಿ, ಸೆಲೆಕ್ಟ್ ಮಾಡಿ ಕಣ್ಣಾರೆ ನೋಡಿ, ಸರಿ ಇಲ್ಲ ಅನ್ಸಿದ್ರೆ ರೋಲ್‌ಬ್ಯಾಕ್ ಮಾಡಿ ಎಲ್ಲಾ ವಾಪಸ್ ತಗೋಬಹುದು, ಟೆಂಪರರಿ ಟೇಬಲ್ ಮಾಡಿಟ್ಕೊಂಡು ಮಧ್ಯಾಹ್ನದವರೆಗೂ ಅದರ ಮೇಲೇ ಕೆಲಸ ಮಾಡ್ಬಹುದು. ಬೇಬಲ್‌ನಲ್ಲಿ ನಾನು ಬಳಸಿದ ಹಾಗೆ ಪ್ರತಿ ಬ್ಲಾಕ್‌ಗೂ (ಫೈಲ್‌ನಲ್ಲಿ ಬರೆದ ಒಂದೊಂದು ಕ್ವೆರಿ ತುಂಡಿಗೂ) ಹೊಸಾ ಕನೆಕ್ಷನ್. ಒಂದು ಬ್ಲಾಕ್‌ನ ಬಿಗಿನ್ ಮುಂದಿನ ಬ್ಲಾಕ್‌ಗೆ ಗೊತ್ತೇ ಇರಲ್ಲ, ಹಾಗಾಗಿ ಡೇಟಾ ಬದಲಾಯಿಸೋ ಕೆಲಸಕ್ಕೆ ಅದನ್ನ ಮುಟ್ಟಲ್ಲ.

ಆದ್ರೆ ಅದೇ ಗುಣ ಬೇರೆ ಕಡೆ ಅನುಕೂಲ. ಸಂಜೆ ವೈಟ್‌ಫೀಲ್ಡ್‌ನಿಂದ ಮೆಟ್ರೋದಲ್ಲಿ ಮೆಜೆಸ್ಟಿಕ್ ಕಡೆ ಬರ್ತಾ ಲ್ಯಾಪ್‌ಟಾಪ್ ತೆಗೆದ್ರೆ, ಎಂಜಿ ರೋಡ್ ದಾಟಿ ಗಾಡಿ ನೆಲದಡಿಗೆ ಇಳಿದಾಗ ನನ್ನ ಹಾಟ್‌ಸ್ಪಾಟ್ ಕಡಿದುಹೋಗತ್ತೆ, ಕಬ್ಬನ್ ಪಾರ್ಕ್ ಬರೋ ಹೊತ್ತಿಗೆ ಸರ್ವರ್‌ಗೆ ಇರೋ ಎಸ್‌ಎಸ್‌ಎಚ್ ಕನೆಕ್ಷನ್ ಸತ್ತಿರತ್ತೆ, ಅದರ ಜೊತೆ ಎಸ್‌ಕ್ಯೂಎಲ್-ಮೋಡ್‌ನ ಸೆಷನ್ನೂ ಟೆಂಪರರಿ ಟೇಬಲ್ಲೂ ಹೋಗತ್ತೆ. ಬೇಬಲ್‌ನಲ್ಲಿ ಕಳೆದುಹೋಗೋಕೇ ಏನಿಲ್ಲ: ಹಿಂದಿನ ಉತ್ತರಗಳು ಫೈಲ್‌ನಲ್ಲೇ ಟೇಬಲ್ ಆಗಿ ಕೂತಿರತ್ವೆ, ನೆಟ್ ಬಂದ್ಮೇಲೆ ಆ ಬ್ಲಾಕ್ ಇನ್ನೊಂದ್ಸಲ ಓಡಿಸಿದ್ರಾಯ್ತು. ಇನ್ನೊಂದು, ಯಾವ ಹೋಸ್ಟ್, ಯಾವ ಡೇಟಾಬೇಸ್ ಅನ್ನೋದು ಕ್ವೆರಿಯ ತಲೆ ಮೇಲೇ ಬರೆದಿರತ್ತೆ. ಎಸ್‌ಕ್ಯೂಎಲ್-ಮೋಡ್‌ನಲ್ಲಿ ಈ ಬಫರ್ ಸ್ಟೇಜಿಂಗ್‌ಗೆ (ಪರೀಕ್ಷೆಗಿರೋ ಡೇಟಾಬೇಸ್) ಅಂಟಿದ್ಯಾ ಪ್ರೊಡಕ್ಷನ್‌ಗೆ (ನಿಜವಾಗಿ ಬಳಕೆಯಲ್ಲಿರೋ ಡೇಟಾಬೇಸ್) ಅಂಟಿದ್ಯಾ ಅಂತ ನೆನಪಿಟ್ಕೋಬೇಕಾಗಿರೋದು ನಾವೇ.

ಎಸ್‌ಕ್ಯೂಎಲ್-ಮೋಡ್‌ನ ದೊಡ್ಡ ಕಿರಿಕಿರಿ ಅಂದ್ರೆ ಆ ಕಂಟ್ರೋಲ್-ಸಿ ಕಂಟ್ರೋಲ್-ಸಿ ಕಳಿಸೋದು ಪ್ಯಾರಾಗ್ರಾಫನ್ನ, ಸ್ಟೇಟ್‌ಮೆಂಟನ್ನಲ್ಲ. ದೊಡ್ಡ ವಿತ್ ಕ್ವೆರಿ ಮಧ್ಯೆ ಓದೋಕೆ ಚೆನ್ನಾಗಿರ್ಲಿ ಅಂತ ಖಾಲಿ ಸಾಲು ಬಿಟ್ರೆ ಅರ್ಧ ಕ್ವೆರಿ ಮಾತ್ರ ಹೋಗತ್ತೆ. ಇಲ್ಲೇ ಈಮ್ಯಾಕ್ಸ್ ನನಗೆ ಇಷ್ಟ ಆಗೋದು: ಹಿಂದಿನ ಸೆಮಿಕೋಲನ್‌ನಿಂದ ಮುಂದಿನ ಸೆಮಿಕೋಲನ್‌ವರೆಗೆ ಹುಡುಕಿ, ಸ್ಟ್ರಿಂಗ್ ಒಳಗೆ ಕಾಮೆಂಟ್ ಒಳಗೆ ಇರೋದನ್ನ ಬಿಟ್ಟು, ಅಷ್ಟನ್ನ ಎಸ್‌ಕ್ಯೂಎಲ್-ಸೆಂಡ್-ರೀಜನ್ ಅನ್ನೋ ಕಮಾಂಡ್‌ಗೆ ಕೊಡೋ ಒಂದು ಚಿಕ್ಕ ಇಲಿಸ್ಪ್ (ಈಮ್ಯಾಕ್ಸ್‌ನ ಸ್ವಂತ ಭಾಷೆ) ಫಂಕ್ಷನ್ ಬರೆದು ಅದೇ ಕೀಗೆ ಕಟ್ಟಿದೆ, ಮುಗೀತು. ಸ್ಟೋರ್ಡ್ ಫಂಕ್ಷನ್ ಥರದ್ದಕ್ಕೆ, ಅದರ ಒಳಗೇ ಸೆಮಿಕೋಲನ್ ಇರೋದ್ರಿಂದ, ಕೈಯಲ್ಲೇ ಸೆಲೆಕ್ಟ್ ಮಾಡಿ ಕಳಿಸ್ತೀನಿ.

ಕನ್ನಡ ಡೇಟಾ ಇರೋರಿಗೆ ಇನ್ನೊಂದು ಮಾತು. 2020ರ ಈಮ್ಯಾಕ್ಸ್ 27ರಲ್ಲಿ ಅಕ್ಷರ ಜೋಡಿಸಿ ತೋರಿಸೋ ಹಾರ್ಫ್‌ಬಜ್ ಲೈಬ್ರರಿ ಬಂದ್ಮೇಲೆ ಒತ್ತಕ್ಷರ ಚೆನ್ನಾಗೇ ಕಾಣತ್ತೆ, ಆದ್ರೆ ನಮ್ಮ ಅಕ್ಷರಗಳ ಅಗಲ ಒಂದೇ ಅಲ್ವಲ್ಲ, ಎಸ್‌ಕ್ಯೂಎಲ್-ಮೋಡ್, ಬೇಬಲ್ ಎರಡರಲ್ಲೂ ಕಾಲಂಗಳ ಗೆರೆ ಸೊಟ್ಟ ಆಗತ್ತೆ. ಆರ್ಗ್ ಟೇಬಲ್‌ಗೆ ವಿಅಲೈನ್ ಅನ್ನೋ ಪ್ಯಾಕೇಜು ಪಿಕ್ಸೆಲ್ ಲೆಕ್ಕದಲ್ಲಿ ನೇರ ಮಾಡತ್ತೆ. ಪಿಎಸ್‌ಕ್ಯೂಎಲ್‌ನಲ್ಲಾದ್ರೆ ಬ್ಯಾಕ್‌ಸ್ಲ್ಯಾಷ್ ಎಕ್ಸ್ ಹೊಡೆದು ಒಂದೊಂದು ಕಾಲಂ ಒಂದೊಂದು ಸಾಲಲ್ಲಿ ನೋಡೋದೇ ವಾಸಿ. ವಿಳಾಸದ ಕಾಲಂ ಇದ್ರಂತೂ ಖಂಡಿತ ಹಾಗೇ ಮಾಡಿ, ಯಾಕಂದ್ರೆ ಮೇನು, ಕ್ರಾಸು, ಬ್ಲಾಕು ಅಂತ ಸಾಲು ಮುರಿದು ತುಂಬಿಸಿರ್ತಾರೆ, ಬೇಬಲ್ ಆ ಸಾಲು ಮುರಿದಿದ್ದನ್ನೇ ಹೊಸ ರೋ ಅಂದ್ಕೊಂಡು ಟೇಬಲ್ ಕೆಡಿಸ್ಬಿಡತ್ತೆ.

ಹಾಗಾಗಿ ನನ್ನ ಲೆಕ್ಕ ಹೀಗಿದೆ: ಹುಡುಕಾಟ, ರಿಪೇರಿ ಎಲ್ಲಾ ಎಸ್‌ಕ್ಯೂಎಲ್-ಮೋಡ್‌ನಲ್ಲಿ, ಮ್ಯಾನೇಜರ್‌ಗೆ ತೋರಿಸ್ಬೇಕಾದ ಲೆಕ್ಕ, ಮುಂದಿನ ತಿಂಗಳೂ ಕೇಳೋ ರಿಪೋರ್ಟು ಬೇಬಲ್‌ನಲ್ಲಿ. ಯಾವ್ದೇ ಹಿಡಿದ್ರೂ ಪ್ರೊಡಕ್ಷನ್‌ಗೆ ಹೋಗೋ ರೋಲ್‌ಗೆ (ಡೇಟಾಬೇಸ್ ಯೂಸರ್‌ಗೆ) ಡಿಫಾಲ್ಟ್ ಟ್ರಾನ್ಸಾಕ್ಷನ್ ರೀಡ್-ಓನ್ಲಿ (ಓದೋಕೆ ಮಾತ್ರ) ಅನ್ನೋ ಸೆಟ್ಟಿಂಗ್ ಆನ್ ಮಾಡ್ಸಿ, ಅದನ್ನ ಸೆಷನ್‌ನಲ್ಲಿ ತೆಗೀಬಹುದು ನಿಜ, ಆದ್ರೆ ಬೇಕು ಅಂತಲೇ ತೆಗೀಬೇಕಾಗತ್ತೆ. ಪಾಸ್‌ವರ್ಡನ್ನ ಆರ್ಗ್ ಫೈಲ್ ತಲೆಯಲ್ಲಿ ಮಾತ್ರ ಬರೀಬೇಡಿ, ಪೋಸ್ಟ್‌ಗ್ರೆಸ್ ಪಾಸ್‌ವರ್ಡ್ ಇಡೋ ಪಿಜಿಪಾಸ್ ಫೈಲ್‌ನಲ್ಲಿ ಇಟ್ರೆ ಎಸ್‌ಕ್ಯೂಎಲ್-ಮೋಡ್ ಬೇಬಲ್ ಎರಡಕ್ಕೂ ಅದೇ ಸಾಕು.